ಶಿಷ್ಯನ ಪ್ರಶ್ನಾಧಿಕಾರ: ನಮ್ಮ ಹಳೆಯ ಊರಶಾಲೆಗಳಿಂದ ಒಂದು ಪಾಠ

ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡುತ್ತಿರುವ ಈ ಸ್ಮಾರಕ ಸಂಪುಟಕ್ಕೆ ವಿದ್ಯಾದಾನದ ಇತಿಹಾಸವನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಹಿರಿಯರಿಂದ ಅಪ್ಪಣೆಯಾದಾಗ, ಬಲ್ಲವರು ಅನೇಕರಿರುವಲ್ಲಿ ನನ್ನಂಥವನು ಏನನ್ನು ಬರೆಯಬಲ್ಲೆನೆಂದು ಮೊದಲು ಅಳುಕಿದೆನು. ಕಟ್ಟಿಸಿದ ಕಟ್ಟಡಗಳೆಷ್ಟು, ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ವಿದ್ಯಾರ್ಥಿಗಳೆಷ್ಟು, ದಾನಮಾಡಿದ ಪುಣ್ಯಾತ್ಮರು ಯಾರು ಯಾರು ಎಂಬುದನ್ನು ಈ ಸಂಪುಟದ ಬೇರೆ ಪುಟಗಳು ಸಾರುವುವು. ಆದುದರಿಂದ ನಾನು ಅವೆಲ್ಲವನ್ನೂ ಅವುಗಳ ಲೇಖಕರಿಗೆ ಬಿಟ್ಟು, ಶಾಲೆಯ ಹೊಸ್ತಿಲನ್ನು ದಾಟಿ ಒಳಗೆ ಹೋಗಿ, ಒಂದೇ ಒಂದು ಪ್ರಶ್ನೆಯನ್ನು ಕೇಳಬಯಸುತ್ತೇನೆ. ಅಲ್ಲಿ ನಡೆಯುವ ಮಾತು ಯಾರದು? ಗುರುವಿನದೊಂದೆಯೋ, ಶಿಷ್ಯನದೂ ಹೌದೋ?

ವಿಶೇಷವಾಗಿ ಹನ್ನೊಂದರಿಂದ ಹದಿನಾಲ್ಕು ವರುಷದೊಳಗಿನ, ಎಂದರೆ ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅದಕ್ಕಿಂತ ಚಿಕ್ಕ ಮಗು ಕೇಳದೆ ಇರಲಾರದು. ಅದಕ್ಕಿಂತ ದೊಡ್ಡವನು ಪರೀಕ್ಷೆಯ ಭಯದಿಂದ ಕೇಳಲೊಲ್ಲನು. ನಡುವಿನ ಈ ಮೂರು ವರುಷಗಳಲ್ಲಿಯೇ ಕೇಳುವ ನಾಲಗೆ ಉಳಿಯುವುದೋ ಉಡುಗುವುದೋ ನಿರ್ಧಾರವಾಗುವುದೆಂಬುದು, ಪಾಠ ಕೇಳಿಯೂ ಪಾಠ ಹೇಳಿಯೂ ಕಳೆದ ನನ್ನ ಆಯುಷ್ಯದ ಅನುಭವ.

ನಮ್ಮ ನಾಡಿನ ಹಳೆಯ ಊರಶಾಲೆಗಳಿಗೂ ಮಠಗಳಿಗೂ ಇದ್ದ ಸಂಬಂಧವನ್ನು ಕನ್ನಡ ನುಡಿಯೇ ಸಾಕ್ಷಿ ಹೇಳುತ್ತದೆ. ಶಾಲೆಗೆ ಹೋಗುವುದನ್ನು ಹಿಂದಿನವರು 'ಮಠಕ್ಕೆ ಹೋಗುವುದು' ಎನ್ನುತ್ತಿದ್ದರು. ಕಲಿಸುವಾತನನ್ನು 'ಐಗಳು' ಎಂದು ಕರೆಯುತ್ತಿದ್ದರು. ಮಕ್ಕಳ ಮನೆಯವರು ಕೊಟ್ಟ ಕೂಲಿಯಿಂದ ನಡೆಯುವ ಶಾಲೆಗೆ 'ಕೂಲಿಮಠ'ವೆಂಬ ಹೆಸರು ನಿಂತಿತು. ಅಕ್ಷರಾರಂಭದ ನಮಸ್ಕಾರವೇ ಎಳೆಯರ ಬಾಯಲ್ಲಿ ಸವೆದು 'ಓನಾಮ'ವಾಯಿತು. ಇಂತಹ ಶಾಲೆಗಳು ಹೇಗೆ ನಡೆಯುತ್ತಿದ್ದುವೆಂಬುದನ್ನು ಕಣ್ಣಿಗೆ ಕಟ್ಟುವಂತೆ ತಿಳಿಸುವ ಒಂದು ಪತ್ರವು ನಮಗೆ ದೊರೆತಿದೆ. ಪ್ರಕೃತ ಲೇಖನಕ್ಕೆ ಅದೇ ಆಧಾರ.

ಕ್ರಿ. ಶ. ೧೮೨೨ನೆಯ ಜೂನ್ ತಿಂಗಳಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ಎಂಬಾತನು ತನ್ನ ಪ್ರಾಂತದ ಎಲ್ಲ ಜಿಲ್ಲೆಗಳ ಕಲೆಕ್ಟರರಿಂದ ದೇಶೀಯ ಶಾಲೆಗಳ ಲೆಕ್ಕವನ್ನು ತರಿಸಿಕೊಳ್ಳಲು ಅಪ್ಪಣೆಮಾಡಿದನು. ಆಗ ಬಳ್ಳಾರಿಯು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ೧೯೫೩ನೆಯ ಅಕ್ಟೋಬರದಲ್ಲಷ್ಟೇ ಅದು ಮೈಸೂರು ರಾಜ್ಯವನ್ನು ಕೂಡಿದುದು. ಇಂದಿನ ಅನಂತಪುರದ ಕಡೆಯ ಸೀಮೆಯನ್ನೂ ಒಳಗೊಂಡು ಬಹು ವಿಸ್ತಾರವಾಗಿದ್ದ ಆ ಜಿಲ್ಲೆಗೆ ಎ. ಡಿ. ಕ್ಯಾಂಬೆಲ್ ಎಂಬಾತನು ಕಲೆಕ್ಟರನಾಗಿದ್ದನು. ಇವನು ತೆಲುಗು ವ್ಯಾಕರಣವೊಂದನ್ನು ಬರೆದಿದ್ದ ಭಾಷಾಪಂಡಿತ. ಇವನು ೧೮೨೩ನೆಯ ಆಗಸ್ಟ್ ೧೭ರಂದು ಕಳುಹಿಸಿದ ಉತ್ತರವು ಉಳಿದ ಜಿಲ್ಲೆಗಳಿಂದ ಬಂದ ಅಂಕಿಗಳ ಪಟ್ಟಿಗಳಂತೆ ಒಣಗಿದುದಾಗಿರದೆ, ಶಾಲೆಯೊಳಗಿನ ನಡೆವಳಿಯನ್ನು ಸಾದ್ಯಂತವಾಗಿ ವರ್ಣಿಸಿರುವುದು. ಶ್ರೀ ಧರಂಪಾಲರು ೧೯೮೩ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಪತ್ರವು ವಿದ್ವಾಂಸರಲ್ಲಿ ಮತ್ತೆ ಪ್ರಸಿದ್ಧಿಗೆ ಬಂದಿತು.

ಕ್ಯಾಂಬೆಲನ ಲೆಕ್ಕದಂತೆ ೯,೨೭,೮೫೭ ಜನರಿದ್ದ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ಅವುಗಳಲ್ಲಿ ೬,೬೪೧ ಮಕ್ಕಳೂ ಇದ್ದರು. ಆ ಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಉಳಿದವು ಮರಾಠಿ ೨೩, ಸಂಸ್ಕೃತ ೨೩, ಪಾರಸಿ ೨೧, ತಮಿಳು ೪, ಇಂಗ್ಲಿಷು ೧. ಹೆಣ್ಣುಮಕ್ಕಳು ಎಲ್ಲ ಸೇರಿ ಅರವತ್ತೇ ಮಂದಿ. ಲಿಂಗವಂತರ ಮಕ್ಕಳು ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚನ್ನಬಸವಪುರಾಣ ಮುಂತಾದುವನ್ನು ಓದುತ್ತಿದ್ದರೆಂದು ಆತನು ಬರೆದಿರುವುದನ್ನು ಈ ಮಠದ ಸದ್ಭಕ್ತರು ಸಂತೋಷದಿಂದ ಗಮನಿಸುವರೆಂದು ನಂಬುತ್ತೇನೆ.

ಬೆಳಗಿನ ಆರು ಗಂಟೆಗೆ ಶಾಲೆ ತೊಡಗುವುದು. ಎಲ್ಲರಿಗಿಂತ ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುವರು. ಎರಡನೆಯವನ ಅಂಗೈಯ ಮೇಲೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಅಲ್ಲಿಂದ ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಎಳೆಯರು ಬೆರಳಿನಿಂದ ಮರಳಿನ ಮೇಲೆ ಅಕ್ಷರ ತಿದ್ದುವರು. ತರುವಾಯ ಇದ್ದಲಿಯ ಪುಡಿಯನ್ನೂ ಅನ್ನದ ಅಂಟನ್ನೂ ಬಳಿದ ಮರದ ಹಲಗೆ. ಇಲ್ಲವೆ ಬಟ್ಟೆಗೆ ಗಂಜಿ ಕೊಟ್ಟು ಮಡಚಿ ಕಪ್ಪು ಹಚ್ಚಿದ ಕಡತ. ಅದರ ಮೇಲೆ ಬಳಪದಿಂದ ಬರೆದು ಒದ್ದೆಬಟ್ಟೆಯಿಂದ ಒರಸುವುದು. ಸೋಮಾರಿಗೆ ಏಟು ಬೀಳುವುದು; ಬಸ್ಕಿ ಹೊಡೆಯಿಸುವುದು; ಇನ್ನೂ ಹೆಚ್ಚಿನ ಶಿಕ್ಷೆಯೆಂದರೆ ಎರಡೂ ಕೈಗಳನ್ನು ಹಗ್ಗಕ್ಕೆ ಕಟ್ಟಿ ಮಾಡಿಗೆ ತೂಗುಬಿಡುವುದು. ನಮ್ಮ ಅಜ್ಜಂದಿರು ನಡುಗುತ್ತ ಹೇಳುತ್ತಿದ್ದ 'ಕೋದಂಡ'ವೆಂಬುದು ಇದೇ.

ಇಂತಹ ಶಾಲೆಯಲ್ಲಿ ಕ್ಯಾಂಬೆಲನು ಮನಸಾರೆ ಹೊಗಳಿದ ಒಂದು ಸಂಗತಿಯಿದ್ದಿತು. ಮಕ್ಕಳನ್ನು ಅವರವರ ಕಲಿಕೆಗೆ ತಕ್ಕಂತೆ ಗುಂಪುಮಾಡಿ, ಮುಂದುವರಿದ ಹುಡುಗರಿಂದ ಹಿಂದಿನವರಿಗೆ ಪಾಠ ಹೇಳಿಸುವ ಪದ್ಧತಿಯೇ ಅದು. ನಮ್ಮ ಕಡೆ ಹಿರೇಮಣಿ ಎಂದು ಕರೆಯುತ್ತಿದ್ದುದು ಇಂತಹ ಹಿರಿಯ ಹುಡುಗನನ್ನೇ. ಇದರಿಂದ ಖರ್ಚು ಉಳಿಯುವುದಲ್ಲದೆ, ಕಲಿಸುವವನ ವಿದ್ಯೆಯೂ ಗಟ್ಟಿಯಾಗುವುದೆಂದೂ, ಇಂಗ್ಲೆಂಡಿನವರು ಇದನ್ನು ಅನುಕರಿಸಿರುವುದು ಯುಕ್ತವೇ ಆಗಿರುವುದೆಂದೂ ಆತನು ಬರೆದನು.

ಅನುಕರಣೆಯ ಮಾತು ಉತ್ಪ್ರೇಕ್ಷೆಯಲ್ಲ. ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿಯು ೧೭೮೯ರಿಂದ ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದನು. ಅಲ್ಲಿಯ ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತು. ತನ್ನ ಕೈಕೆಳಗಿನ ಉಪಾಧ್ಯಾಯರು ಅದನ್ನು ಕೈಕೊಳ್ಳಲು ಒಪ್ಪದೆ ಹೋಗಲು, ಎಂಟು ವರುಷದ ಬಾಲಕನೊಬ್ಬನನ್ನೇ ಎಳೆಯರಿಗೆ ಗುರುವನ್ನಾಗಿ ಕೂಡಿಸಿದನು. ಅದು ಕೈಗೂಡಿತು. ೧೭೯೭ರಲ್ಲಿ ಅವನು ಲಂಡನಿನಲ್ಲಿ ಅಚ್ಚುಹಾಕಿಸಿದ ಪುಸ್ತಕದಿಂದ ಈ ಕ್ರಮವು 'ಮದರಾಸು ಪದ್ಧತಿ'ಯೆಂದು ಹೆಸರಾಗಿ, ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆಲ್ಲ ಹರಡಿತು. ದಕ್ಷಿಣ ದೇಶದ ಜಗಲಿಯ ಮೇಲಿನ ಮರಳು ಇಷ್ಟು ದೂರ ಹೋದುದು ಹೆಮ್ಮೆಯ ಸಂಗತಿಯೇ ಸರಿ. ನಮ್ಮವರು ಉತ್ಸವಸಭೆಗಳಲ್ಲಿ ಇದನ್ನು ಎತ್ತಿ ಹೇಳುವುದುಂಟು, ನಾನೂ ಹೇಳಿರುವೆನು.

ಆದರೆ ಹೊಗಳಿಕೆಯನ್ನು ಓದಿದವರು ಪತ್ರವನ್ನು ಅಲ್ಲಿಗೇ ಮಡಚಿಡಬಾರದು. ಅದೇ ಕ್ಯಾಂಬೆಲನು ಅದೇ ಪತ್ರದಲ್ಲಿ ಮತ್ತೊಂದು ಸಂಗತಿಯನ್ನೂ ಬರೆದಿರುವನು. ಪ್ರತಿಯೊಬ್ಬ ಹುಡುಗನೂ ಲೆಕ್ಕವಿಲ್ಲದಷ್ಟು ಪದ್ಯಗಳನ್ನು ತಪ್ಪದೆ ಒಪ್ಪಿಸಬಲ್ಲನು. ಆದರೆ ಅವುಗಳ ಅರ್ಥದ ವಿಷಯದಲ್ಲಿ ಅವನು ಮಾತು ಕಲಿತ ಗಿಳಿಗಿಂತ ಹೆಚ್ಚಿನದನ್ನು ಅರಿಯನು ಎಂಬುದೇ ಆ ಸಂಗತಿ. ಪರದೇಶದವನ ತಾತ್ಸಾರವೆಂದು ಇದನ್ನು ತಳ್ಳಿಬಿಡಲು ಸಾಧ್ಯವಿಲ್ಲ. 'ಗಿಳಿಪಾಠ'ವೆಂಬ ಮಾತು ನಮ್ಮ ನುಡಿಯಲ್ಲಿಯೇ ಉಂಟು. ಜಿಲ್ಲೆಯಲ್ಲಿ ಹತ್ತು ಲಕ್ಷಕ್ಕೆ ಸಮೀಪವಾಗಿ ಜನರಿದ್ದರೂ ಏಳು ಸಾವಿರ ಮಕ್ಕಳು ಕೂಡ ಶಾಲೆಯಲ್ಲಿಲ್ಲವೆಂದು ಮರುಗಿ, ನಾಡು ಬಡವಾದುದೇ ಇದಕ್ಕೆ ಕಾರಣವೆಂದು ತನ್ನ ಸರಕಾರಕ್ಕೇ ಬರೆದ ಈತನ ಮಾತಿನಲ್ಲಿ ದ್ವೇಷವನ್ನು ಕಾಣುವುದು ನ್ಯಾಯವಲ್ಲ.

ಹಾಗಾದರೆ ಒಂದೇ ಶಾಲೆಯಲ್ಲಿ ಹೊಗಳಿಕೆಗೆ ಯೋಗ್ಯವಾದುದೂ ಮರುಕಕ್ಕೆ ಯೋಗ್ಯವಾದುದೂ ಹೇಗೆ ಕೂಡಿದ್ದುವು? ಇದನ್ನು ಅನೇಕ ದಿನ ಆಲೋಚಿಸಿ ನಾನು ಕಂಡುಕೊಂಡ ಉತ್ತರವಿದು: ಆ ಶಾಲೆಯಲ್ಲಿ ಶಿಷ್ಯನಿಗೆ ಕಲಿಸುವ ಕೆಲಸ ದೊರೆತಿದ್ದಿತು, ಕೇಳುವ ಅಧಿಕಾರ ದೊರೆತಿರಲಿಲ್ಲ. ಹಿರೇಮಣಿಯು ಗುರುವಿನ ಪಕ್ಕದಲ್ಲಿ ನಿಂತನು, ಗುರುವಿನ ಕೋಲನ್ನೂ ಕೆಲವೊಮ್ಮೆ ಹಿಡಿದನು. ಆದರೆ ಗುರು ಹೇಳಿದುದನ್ನೇ ಹೇಳಿದನು. ಅವನ ಮುಂದೆ ಕುಳಿತ ಕಿರಿಯನು ಅದನ್ನೇ ಮರಳಿ ನುಡಿದನು. ಇಂಗ್ಲೆಂಡಿಗೆ ಹೋದ ಮೇಲೆಯೂ ಈ ದೋಷವು ಬಿಡಲಿಲ್ಲ. ನೂರಾರು ಮಕ್ಕಳ ಹಜಾರದಲ್ಲಿ ಗೋಡೆಗೆ ತೂಗುಹಾಕಿದ ಪಾಠದ ಹಲಗೆಯನ್ನು ಹಿರಿಯ ಹುಡುಗನು ಓದಿಸುವನು, ಉಳಿದವರು ಕೂಗುವರು. ಬಾಯಿಗಳು ಹೆಚ್ಚಿದುವು, ಮಾತು ಒಬ್ಬನದೇ ಆಗಿ ಉಳಿಯಿತು.

ಬಾಯಿಪಾಠವನ್ನು ನಾನು ಹಳಿಯುತ್ತಿರುವೆನೆಂದು ಯಾರೂ ಭಾವಿಸಬಾರದು. ತಾಳೆಗರಿಯ ಕಟ್ಟು ಊರಿಗೊಂದು ಇರುವುದೇ ಕಷ್ಟವಾಗಿದ್ದ ಕಾಲದಲ್ಲಿ ಕಂಠವೇ ಪುಸ್ತಕಭಂಡಾರವಾಗಿದ್ದಿತು. ಗೆದ್ದಲು ತಿನ್ನಲಾರದ, ಬೆಂಕಿ ಸುಡಲಾರದ ಭಂಡಾರವದು. ಅಚ್ಚುಕೂಟ ಬಂದ ಮೇಲಾದರೂ ಆ ಭಾರವನ್ನು ಇಳಿಸಿ ಪ್ರಶ್ನೆಗೆ ಎಡೆಮಾಡಿಕೊಡಬಹುದಾಗಿತ್ತು. ಆದರೆ ಅದೇ ಹೊತ್ತಿಗೆ, ೧೯ನೆಯ ಶತಮಾನದ ಉತ್ತರಾರ್ಧದಲ್ಲಿ, ಪರೀಕ್ಷೆಯ ಫಲವನ್ನು ನೋಡಿ ಶಾಲೆಗೆ ಸರಕಾರದ ದ್ರವ್ಯಸಹಾಯ ಕೊಡುವ ಕ್ರಮವು ಮದರಾಸು, ಮುಂಬಯಿ ಪ್ರಾಂತಗಳಲ್ಲಿ ಜಾರಿಗೆ ಬಂದಿತು. ತನಿಖೆಯ ಅಧಿಕಾರಿಯು ಕೇಳುವನು, ಹುಡುಗನು ಉತ್ತರ ಕೊಡುವನು. ಎಷ್ಟು ಸರಿಯುತ್ತರವೋ ಅಷ್ಟು ಹಣ. ಮಗುವಿನ ಉತ್ತರಕ್ಕೆ ಬೆಲೆ ಕಟ್ಟಿದ ಆ ಪದ್ಧತಿಯಲ್ಲಿ ಮಗುವಿನ ಪ್ರಶ್ನೆಗೆ ಕಾಸಿನ ಬೆಲೆಯೂ ಇರಲಿಲ್ಲ. ಬಡ ಮಾಸ್ತರನು ಏನು ಮಾಡಬೇಕು? ಅವನು ಉತ್ತರಗಳನ್ನೇ ಉರುಹೊಡೆಯಿಸಿದನು. ಆ ಕ್ರಮವು ಎಂದೋ ಹೋಯಿತು. ಅದರ ಅಭ್ಯಾಸ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ನನ್ನ ಬಾಲ್ಯದ ಒಂದು ಮಾತನ್ನು ಇಲ್ಲಿ ಹೇಳುವುದಕ್ಕೆ ಓದುಗರ ಕ್ಷಮೆಯನ್ನು ಬೇಡುತ್ತೇನೆ. ಹನ್ನೆರಡನೆಯ ವಯಸ್ಸಿನಲ್ಲಿ ಪಾಠಶಾಲೆಯಲ್ಲಿ ಕೋಶವನ್ನು ಕಂಠಪಾಠ ಮಾಡುತ್ತಿದ್ದಾಗ ಒಂದು ಶಬ್ದದ ವಿಷಯವಾಗಿ ನಾನು ಸಂದೇಹವನ್ನು ಕೇಳಿದೆನು. 'ಮೊದಲು ಬಾಯಿಗೆ ಬರಲಿ, ಅರ್ಥ ತಾನಾಗಿ ಬರುವುದು' ಎಂದು ಗುರುಗಳು ಅಪ್ಪಣೆಕೊಡಿಸಿದರು. ಅವರು ಪ್ರೇಮಮಯರು, ಹೇಳಿದುದೂ ಸುಳ್ಳಲ್ಲ. ನನಗೆ ಮೂವತ್ತರ ಸುಮಾರಿಗೆ ಅರ್ಥ ಬಂದಿತು. ಆದರೆ ನನ್ನ ಎಡಬಲಕ್ಕೆ ಕುಳಿತಿದ್ದ ಇಬ್ಬರು ಹದಿನಾಲ್ಕಕ್ಕೇ ಪಾಠಶಾಲೆಯನ್ನು ಬಿಟ್ಟು ಒಬ್ಬನು ಹೊಲಕ್ಕೂ ಮತ್ತೊಬ್ಬನು ಅಂಗಡಿಗೂ ಹೋದರು. ಅವರ ಪಾಲಿಗೆ ಅರ್ಥವು ಬರಲೇ ಇಲ್ಲ. ಶಬ್ದವೂ ನಾಲ್ಕಾರು ವರುಷಗಳಲ್ಲಿ ಮರೆತುಹೋಯಿತು. ವಿದ್ಯೆಯನ್ನು ಕೊನೆಯವರೆಗೆ ಓದುವ ಒಬ್ಬನನ್ನೇ ನೋಡಿ ಕಟ್ಟಿದರೆ, ನಡುವೆ ಎದ್ದುಹೋಗುವ ಹಲವರಿಗೆ ಬರಿಗೈಯೇ ಗತಿ ಎಂಬುದನ್ನು ನಾನು ಅವರಿಂದ ಕಲಿತೆನು.

ಪ್ರಶ್ನೆಯನ್ನು ಹೊರಗಿಡುವುದು ನಮ್ಮ ಸಂಪ್ರದಾಯವೇ ಎಂದು ಕೆಲವರು ತಿಳಿದಿರುವರು. ಅದು ಸರಿಯಲ್ಲ. ಪ್ರಶ್ನೋಪನಿಷತ್ತಿನ ಹೆಸರೇ ಪ್ರಶ್ನೆಯಿಂದ ಬಂದುದು. ಆರು ಮಂದಿ ಜಿಜ್ಞಾಸುಗಳು ಪಿಪ್ಪಲಾದ ಮಹರ್ಷಿಯ ಬಳಿಗೆ ಹೋಗಲು, ಒಂದು ವರುಷ ತಮ್ಮೊಡನಿದ್ದು ಬಳಿಕ ಬೇಕಾದುದನ್ನು ಕೇಳಿರೆಂದೂ, ತಮಗೆ ತಿಳಿದಿದ್ದರೆ ಹೇಳುವೆವೆಂದೂ ಅವರು ನುಡಿದರು. ಪಾಠದ ಕ್ರಮವನ್ನು ಅಲ್ಲಿ ಕಟ್ಟಿದವರು ಕೇಳಬಂದವರೇ. 'ತಿಳಿದಿದ್ದರೆ' ಎಂಬ ಗುರುವಿನ ಆ ಒಂದು ಮಾತಿನ ವಿನಯವನ್ನು ಉಪಾಧ್ಯಾಯರಾದ ನಾವೆಲ್ಲರೂ ಮನನ ಮಾಡತಕ್ಕದ್ದು. ಇನ್ನು ನ್ಯಾಯಶಾಸ್ತ್ರವು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿರುವುದು. ನಿಜವನ್ನು ತಿಳಿಯಲು ನಡೆಯುವುದು ವಾದ. ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ತನ್ನದೊಂದು ಪಕ್ಷವಿಲ್ಲದೆ ಪರರದನ್ನು ಕೆಡಹುವುದು ವಿತಂಡೆ. ಎದುರಾಳಿಯ ಮಾತನ್ನು ಪೂರ್ವಪಕ್ಷವಾಗಿ ಮೊದಲು ತಾನೇ ಚೆನ್ನಾಗಿ ನಿರೂಪಿಸಿ, ಆಮೇಲೆ ಉತ್ತರ ಹೇಳುವುದು ನಮ್ಮ ಶಾಸ್ತ್ರಕಾರರ ಮರ್ಯಾದೆ. ದೊಡ್ಡವರಿಗಾಗಿ ಇಟ್ಟುಕೊಂಡ ಈ ಮರ್ಯಾದೆಯನ್ನು ಹನ್ನೆರಡು ವರುಷದ ಬಾಲಕರಿಗೆ ನಾವು ಕೊಡಲಿಲ್ಲ, ತಪ್ಪಿದುದು ಅಲ್ಲಿ.

ಶರಣರ ಪರಂಪರೆಯಲ್ಲಿಯೂ ಇದಕ್ಕೆ ಸಾಕ್ಷಿಯುಂಟು. ಹನ್ನೆರಡನೆಯ ಶತಮಾನದ ವಚನಗಳನ್ನು ಸಂವಾದದ ರೂಪದಲ್ಲಿ ಹೊಂದಿಸಿ ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ಸಂಕಲಿಸಿದರು. ತರುವಾಯ ಇನ್ನು ಮೂವರು ಅದನ್ನು ಪರಿಷ್ಕರಿಸಿ ಬೆಳಸಿದರು. ಶರಣರ ಕಾಲಕ್ಕೂ ಗ್ರಂಥದ ಕಾಲಕ್ಕೂ ಸುಮಾರು ಮೂರು ಶತಮಾನಗಳ ಅಂತರವಿರುವುದರಿಂದ, ಅದನ್ನು ಕಲ್ಯಾಣದಲ್ಲಿ ಆಡಿದ ಮಾತುಗಳ ಯಥಾವತ್ತಾದ ದಾಖಲೆಯೆಂದು ಇತಿಹಾಸಕಾರನು ಹೇಳಲಾರನು. ಆದರೆ ಜ್ಞಾನವು ಹೇಗೆ ಹುಟ್ಟಬೇಕೆಂದು ನಮ್ಮ ಹಿರಿಯರು ಬಗೆದಿದ್ದರೆಂಬುದಕ್ಕೆ ಅದು ನಿಸ್ಸಂದೇಹವಾದ ಪ್ರಮಾಣ. ಅಲ್ಲಿ ಅಣ್ಣ ಅಜಗಣ್ಣನ ಅಗಲಿಕೆಯಿಂದ ನೊಂದ ಮುಕ್ತಾಯಕ್ಕನು ಅಲ್ಲಮಪ್ರಭುವಿನ ಮಾತನ್ನು ಕೇಳಿದ ಕೂಡಲೆ ತಲೆದೂಗದೆ, ಮರಳಿ ಮರಳಿ ಎದುರುನುಡಿದು, ತನಗೆ ಒಪ್ಪಿಗೆಯಾದ ಮೇಲೆಯೇ ಸುಮ್ಮನಾಗುವಳು. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಹೆಂಡತಿ ಲಕ್ಕಮ್ಮನು ತಿದ್ದುವಳು. ವಯಸ್ಸಿನಲ್ಲಿ ಕಿರಿಯನಾದ ಚನ್ನಬಸವಣ್ಣನಿಂದ ಸೊನ್ನಲಿಗೆಯ ಸಿದ್ಧರಾಮಯ್ಯನು ಇಷ್ಟಲಿಂಗದ ದೀಕ್ಷೆಯನ್ನು ಹೊಂದುವನು. ಇವುಗಳಲ್ಲಿ ಮಾತಿನ ತೂಕವನ್ನು ನೋಡಿದರಲ್ಲದೆ ಆಡಿದವರ ವಯಸ್ಸನ್ನಾಗಲಿ ಹೆಣ್ಣು ಗಂಡೆಂಬುದನ್ನಾಗಲಿ ಯಾರೂ ನೋಡಲಿಲ್ಲ.

ಇಷ್ಟನ್ನೆಲ್ಲ ಪ್ರವಚನದಲ್ಲಿ ಅನೇಕ ವರುಷ ಹೇಳಿದ ನಾನು ತರಗತಿಯಲ್ಲಿ ಮಾತ್ರ ಒಬ್ಬನೇ ಮಾತನಾಡುತ್ತಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ಕೇಳುವವನೂ ನಾನೇ; ಉತ್ತರ ಬಾರದಿರಲು ಹೇಳುವವನೂ ನಾನೇ. ಕೆಲವು ವರುಷಗಳ ಹಿಂದೆ ಏಳನೆಯ ತರಗತಿಗೆ ಮೇಲೆ ಹೇಳಿದ ಬಳ್ಳಾರಿಯ ಪತ್ರದ ಸಂಗತಿಯನ್ನೇ ಪಾಠ ಮಾಡುತ್ತಿದ್ದೆನು. ಆ ದಿನ ನನ್ನ ಗಂಟಲು ಕೆಟ್ಟಿದ್ದಿತು. ಅಂಕಿಗಳನ್ನು ಹಲಗೆಯ ಮೇಲೆ ಬರೆದು, 'ಇದರ ಮೇಲೆ ಏನಾದರೂ ಕೇಳುವುದಿದ್ದರೆ ಕೇಳಿರಿ' ಎಂದು ಕುಳಿತುಬಿಟ್ಟೆನು. ಬಹಳ ಹೊತ್ತು ಯಾರೂ ಬಾಯಿಬಿಡಲಿಲ್ಲ. ಗಂಟಲು ಸರಿಯಾಗಿದ್ದರೆ ಆ ಮೌನವನ್ನು ನಾನೇ ತುಂಬಿಬಿಡುತ್ತಿದ್ದೆನೆಂಬುದರಲ್ಲಿ ಸಂಶಯವಿಲ್ಲ. ಕಡೆಗೆ ಹಿಂದಿನ ಸಾಲಿನ ಹುಡುಗನೊಬ್ಬನು, 'ಗುರುಗಳ, ತಡಾ ಮಾಡಿ ಬಂದವಗ ಹೊಡದ್ರು ಅಂತೀರಿ; ಅಂವ ಎಷ್ಟು ದೂರದಿಂದ ಬಂದಾನ ಅಂತ ಯಾರರೆ ಕೇಳಿದ್ರೇನ್ರಿ?' ಎಂದನು. ಆ ಹುಡುಗನು ದಿನವೂ ಅಡವಿಯ ಹಾದಿಯಲ್ಲಿ ನಡೆದು ಬರುವವನು. ಅವನ ಮಾತು ಮುಗಿಯುವಷ್ಟರಲ್ಲಿ ಒಬ್ಬ ಹುಡುಗಿ, 'ಆ ಅರವತ್ತು ಹುಡಿಗ್ಯಾರು ಯಾರ ಮನಿಯವರಿದ್ದರ್ರೀ?' ಎಂದಳು.

ಇನ್ನೂರು ವರುಷಗಳ ಹಿಂದಿನ ಪತ್ರವನ್ನು ನಾನು ಎಷ್ಟೋ ಸಲ ಓದಿದ್ದೆನು. ಈ ಎರಡು ಪ್ರಶ್ನೆಗಳೂ ನನ್ನ ಮನಸ್ಸಿನಲ್ಲಿ ಹುಟ್ಟಿರಲಿಲ್ಲ. ಅರವತ್ತು ಎಂಬುದನ್ನು ನಾನು ಅಂಕಿಯೆಂದು ಓದಿದ್ದೆನು, ಆ ಹುಡುಗಿ ಅದರಲ್ಲಿ ತನ್ನ ಓರಗೆಯವರನ್ನು ಕಂಡಳು. ಪತ್ರದಲ್ಲಿ ಹೆಸರುಗಳಿಲ್ಲವೆಂದು ಹೇಳಿದೆನು. 'ಹಾಗಾದರೆ ನಮ್ಮ ಮನೆಗಳಲ್ಲಿ ಮೊದಲು ಅಕ್ಷರ ಕಲಿತ ಹೆಣ್ಣುಮಗಳು ಯಾರು?' ಎಂದು ಅವರಲ್ಲಿಯೇ ಮಾತು ಹೊರಟಿತು. ಮಕ್ಕಳೇ ನಿರ್ಣಯಿಸಿಕೊಂಡು, ಮನೆಯ ಅಜ್ಜಿಯರನ್ನು ಕೇಳಿ ಬಂದು, ಮೂರು ದಿನ ಅದನ್ನು ಚರ್ಚಿಸಿದರು. ಒಬ್ಬನ ಅಜ್ಜಿ ಶಾಲೆಯ ಮುಖವನ್ನೇ ನೋಡದೆ, ತನ್ನ ತಮ್ಮನು ಅಂಗಳದ ಮಣ್ಣಿನಲ್ಲಿ ತಿದ್ದಿದುದನ್ನು ನೋಡಿ ಕಲಿತಿದ್ದಳು. ಒಬ್ಬಳ ಮನೆಯಲ್ಲಿ ಅಕ್ಷರ ಕಲಿತ ಮೊದಲನೆಯ ಹೆಣ್ಣುಮಗಳು ಅವಳೇ. ಅದನ್ನು ಹೇಳುವಾಗ ಅವಳು ಎದ್ದು ನಿಂತಳು. ಎದ್ದು ನಿಲ್ಲೆಂದು ಯಾರೂ ಹೇಳಿರಲಿಲ್ಲ.

ಅಂದಿನಿಂದ ವಾರಕ್ಕೆ ಎರಡು ಅವಧಿಗಳನ್ನು ಮಕ್ಕಳ ಚರ್ಚೆಗೆಂದು ಬಿಟ್ಟಿರುವೆನು. ಅನುಭವದಿಂದ ನೆಲೆನಿಂತ ಕ್ರಮವನ್ನು, ಬೇರೆ ಉಪಾಧ್ಯಾಯರಿಗೆ ಉಪಯೋಗವಾದೀತೆಂದು ಸಂಕ್ಷೇಪವಾಗಿ ಹೇಳುತ್ತೇನೆ. ಪಾಠವನ್ನು ಹಿಂದಿನ ದಿನ ಓದಿಕೊಂಡು ಪ್ರತಿಯೊಬ್ಬರೂ ಒಂದು ಪ್ರಶ್ನೆಯನ್ನು ಬರೆದು ತರತಕ್ಕದ್ದು. ಅವುಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕೆಂಬುದನ್ನು ತರಗತಿಯೇ ಆರಿಸುವುದು. ಎಲ್ಲರೂ ದುಂಡಗೆ ಕೂಡುವುದು, ಉಪಾಧ್ಯಾಯನೂ ಆ ದುಂಡಿನಲ್ಲಿ ಒಬ್ಬನಾಗಿ ಕೂಡುವುದು. ಚರ್ಚೆಯನ್ನು ನಡೆಸುವವರು ಸರದಿಯಂತೆ ಬದಲಾಗುವರು. ಜಾಣನಿಗೇ ಆ ಕೆಲಸವನ್ನು ಖಾಯಂ ಮಾಡಿದರೆ ಹಳೆಯ ಹಿರೇಮಣಿಯೇ ಮರಳಿ ಬಂದಂತಾಗುವುದು. ಮತ್ತೊಬ್ಬರ ಮಾತನ್ನು ಅಲ್ಲಗಳೆಯುವ ಮೊದಲು ಆ ಮಾತನ್ನು ಅವರು ಹೌದೆನ್ನುವಂತೆ ಹೇಳಿ ತೋರಿಸತಕ್ಕದ್ದು. ಪೂರ್ವಪಕ್ಷದ ಮರ್ಯಾದೆಯೆಂದರೆ ಇದೇ. ಕೊನೆಗೆ ಒಬ್ಬ ವಿದ್ಯಾರ್ಥಿಯು ಎಲ್ಲರೂ ಒಪ್ಪಿದುದೆಷ್ಟು, ಒಪ್ಪದೆ ಉಳಿದುದೆಷ್ಟು ಎಂಬುದನ್ನು ಹೇಳುವುದು. ಉಳಿದುದನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು ಮರುದಿನಕ್ಕೆ ಒಯ್ಯುವುದು.

ಇದು ಸುಲಭವಾಗಿ ನಡೆಯಿತೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಮೊದಲ ವಾರಗಳಲ್ಲಿ ಗಟ್ಟಿಬಾಯಿಯ ನಾಲ್ವರು ಹುಡುಗರೇ ಎಲ್ಲ ಹೊತ್ತನ್ನೂ ನುಂಗಿದರು. ವಾದವು ಜಲ್ಪಕ್ಕೆ ಇಳಿದು, ಜಲ್ಪವು ನಗೆಚಾಟಿಕೆಗೆ ಇಳಿಯಿತು. ಆಗ ಒಂದು ಉಪಾಯವನ್ನು ಮಾಡಿದೆನು. ಪ್ರತಿಯೊಬ್ಬರ ಕೈಗೂ ಮೂರು ಹುಣಸೆಬೀಜಗಳನ್ನು ಕೊಟ್ಟು, ಒಂದು ಮಾತಿಗೆ ಒಂದು ಬೀಜವನ್ನು ನಡುವಿನ ತಟ್ಟೆಗೆ ಹಾಕಬೇಕೆಂದು ಗೊತ್ತುಮಾಡಿದೆನು. ಬೀಜ ತೀರಿದವರು ಕೇಳುವವರಾಗುವರು. ಗಟ್ಟಿಬಾಯಿಯವರು ತೂಗಿ ಮಾತನಾಡುವುದನ್ನು ಕಲಿತರು. ಕೈಯಲ್ಲಿ ಬೀಜವನ್ನು ಹಿಡಿದುಕೊಂಡೇ ಕುಳಿತಿದ್ದ ಮೆಲ್ಲಗಿನ ಮಕ್ಕಳನ್ನು ಉಳಿದವರೇ 'ನೀನು ಹೇಳು' ಎಂದು ಕರೆಯತೊಡಗಿದರು. ಪಾಠಗಳ ಪಟ್ಟಿಯಲ್ಲಿ ಹಿಂದೆ ಬಿದ್ದುದೂ ಉಂಟು. ಆದರೆ ಹೀಗೆ ಚರ್ಚಿಸಿದ ಪಾಠವನ್ನು ಮತ್ತೆ ಹೇಳಿಕೊಡುವ ಪ್ರಸಂಗ ಬರಲಿಲ್ಲ.

ಇವೆಲ್ಲಕ್ಕಿಂತ ಕಠಿನವಾದುದು ಉಪಾಧ್ಯಾಯನ ಮೌನ. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿಯು ೧೯೭೦ರ ದಶಕದಲ್ಲಿ ತರಗತಿಗಳನ್ನು ಪರೀಕ್ಷಿಸಿ, ಉಪಾಧ್ಯಾಯರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡು ಕೂಡ ಕಾಯುವುದಿಲ್ಲವೆಂದೂ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ದೀರ್ಘವಾಗುವುವಲ್ಲದೆ ಮಕ್ಕಳು ತಾವಾಗಿ ಕೇಳುವ ಪ್ರಶ್ನೆಗಳೂ ಹೆಚ್ಚುವುವ���ಂದೂ ತೋರಿಸಿಕೊಟ್ಟಳು. ಮೂರು ಸೆಕೆಂಡೆಂದರೆ ಪಂಚಾಕ್ಷರಿಯನ್ನು ಒಮ್ಮೆ ಸಾವಧಾನವಾಗಿ ಜಪಿಸುವಷ್ಟು ಹೊತ್ತು. ಅಷ್ಟೂ ತಡೆಯಲಾರದಷ್ಟು ನಮ್ಮ ನಾಲಗೆಗೆ ಆತುರ.

ಹೀಗೆ ಮಾಡಿದರೆ ಗುರುಭಕ್ತಿಯು ಕಡಿಮೆಯಾಗದೇ ಎಂದು ಭಕ್ತಮಹಾಶಯರಲ್ಲಿ ಕೆಲವರು ನನ್ನನ್ನು ಕೇಳಿರುವರು. ಪ್ರಶ್ನೆಯು ಯೋಗ್ಯವಾದುದೇ. ತರಗತಿಯ ಮಾತನ್ನು ಮಕ್ಕಳಿಗೆ ಒಪ್ಪಿಸುವುದೆಂದರೆ ಗುರುವು ಪೀಠವನ್ನು ಬಿಟ್ಟು ಓಡುವುದಲ್ಲ. ಇಸವಿ ತಪ್ಪಿದರೆ ತಿದ್ದುವವನು ಅವನೇ. ಒಬ್ಬರನ್ನೊಬ್ಬರು ನೋಯಿಸಿದರೆ ತಡೆಯುವವನು ಅವನೇ. ಯಾವ ಪಾಠ ಪ್ರಶ್ನೆಗೆ ಹಣ್ಣಾಗಿದೆ, ಯಾವುದನ್ನು ಇನ್ನೂ ಕಂಠಸ್ಥ ಮಾಡಿಸಬೇಕು ಎಂಬುದನ್ನು ಬಲ್ಲವನೂ ಅವನೇ. ಮಗ್ಗಿಯನ್ನು ಚರ್ಚೆಯಿಂದ ಕಲಿಯಲಾಗದು. ಆದರೆ ಭಯದಿಂದ ಬಂದ ಮೌನವನ್ನು ಭಕ್ತಿಯೆಂದು ಎಣಿಸಿ ನಾವು ಮೋಸಹೋಗಬಾರದು. ಪ್ರಶ್ನೆ ಕೇಳಿದ ಆ ಹುಡುಗನು ಇಂದಿಗೂ ನನ್ನನ್ನು ಕಂಡಲ್ಲಿ ಕೈಮುಗಿಯುವನು. ಮೊದಲು ಕಣ್ಣನ್ನು ಕೆಳಗೆ ಹಾಕಿ ಮುಗಿಯುತ್ತಿದ್ದನು, ಈಗ ಮುಖವನ್ನು ನೋಡಿ ಮುಗಿಯುತ್ತಾನೆ. ನನಗೆ ಎರಡನೆಯದೇ ಹೆಚ್ಚಿನ ಭಕ್ತಿಯಾಗಿ ಕಾಣುತ್ತದೆ.

ನಾಡಿನ ಶಾಸನವೂ ಈಗ ಇದನ್ನೇ ಹೇಳುತ್ತದೆ. ಮಕ್ಕಳ ಶಿಕ್ಷಣದ ಹಕ್ಕನ್ನು ಕುರಿತು ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದ ಕಾಯಿದೆಯ ೧೭ನೆಯ ಕಲಮು ದೈಹಿಕ ದಂಡನೆಯನ್ನು ನಿಷೇಧಿಸಿದೆ; ೨೯ನೆಯ ಕಲಮು ಮಗುವನ್ನು ಭಯದಿಂದ ಬಿಡಿಸಿ, ತನ್ನ ಅಭಿಪ್ರಾಯವನ್ನು ಸ್ವತಂತ್ರವಾಗಿ ಹೇಳಲು ನೆರವಾಗಬೇಕೆಂದು ವಿಧಿಸಿದೆ. ಕೋದಂಡವನ್ನು ಕಾಯಿದೆಯು ಇಳಿಸಿತು. ಆದರೆ ಮಗುವಿನ ಬಾಯನ್ನು ತೆರೆಯಿಸುವುದು ಕಾಯಿದೆಯ ಕೈಯಲ್ಲಿಲ್ಲ, ಅದು ಉಪಾಧ್ಯಾಯನ ಕೈಯಲ್ಲಿದೆ. ೨೦೧೨ರ ತಿದ್ದುಪಡಿಯು ವೇದಪಾಠಶಾಲೆಗಳನ್ನು ಈ ಕಾಯಿದೆಯ ಹೊರಗಿಟ್ಟಿದೆಯೆಂದು ನಮ್ಮಂತಹ ಪಾಠಶಾಲೆಯವರು ಸಮಾಧಾನಪಡಬಾರದು. ಕಾಯಿದೆ ಬಿಟ್ಟುಕೊಟ್ಟ ಕಡೆಯಲ್ಲಿಯೂ ಧರ್ಮವು ನಮ್ಮನ್ನು ಬಿಡುವುದಿಲ್ಲ.

ಅನ್ನವಿಕ್ಕಿ ಅಕ್ಷರ ಕಲಿಸುವ ಮಠಗಳ ಸೇವೆಯನ್ನು ನಾಡು ಬಲ್ಲದು. ೧೯೧೭ರಿಂದ ಸಿದ್ಧಗಂಗೆಯಲ್ಲಿ ನಡೆದುಬಂದ ಉಚಿತ ವಿದ್ಯಾರ್ಥಿನಿಲಯದಂತಹ ಕಾರ್ಯಗಳು ಸಾವಿರಾರು ಬಡಮಕ್ಕಳನ್ನು ಶಾಲೆಯ ಒಳಕ್ಕೆ ತಂದುವು. ಬಾಗಿಲಿನ ಒಳಗೆ ತಂದವರಿಗೆ ಅಲ್ಲಿ ಬಾಯನ್ನೂ ಕೊಡುವುದು ಆ ಸೇವೆಯ ಮುಂದಿನ ಮೆಟ್ಟಿಲು. ಅದಕ್ಕೆ ಕಟ್ಟಡ ಬೇಕಾಗಿಲ್ಲ, ದೇಣಿಗೆಯೂ ಬೇಕಾಗಿಲ್ಲ. ಶ್ರೀಮಠದ ಆಶ್ರಯದಲ್ಲಿರುವ ಶಾಲೆಗಳ ಉಪಾಧ್ಯಾಯರು ಆರರಿಂದ ಎಂಟನೆಯ ತರಗತಿಯವರೆಗೆ ವಾರಕ್ಕೆ ಒಂದು ಅವಧಿಯನ್ನಾದರೂ ಮಕ್ಕಳ ಪ್ರಶ್ನೆಗೆ ಬಿಡಬೇಕೆಂದೂ, ಆ ದಿನ ಪುಸ್ತಕದ ಪುಟಗಳು ಮುಂದೆ ಸಾಗದಿದ್ದರೆ ತಾಯಿತಂದೆಗಳು ದೂರು ಹೇಳದೆ ತಾಳ್ಮೆಯಿಂದಿರಬೇಕೆಂದೂ ಈ ಮಹೋತ್ಸವದ ಸಂದರ್ಭದಲ್ಲಿ ಕೈಮುಗಿದು ವಿಜ್ಞಾಪಿಸಿಕೊಳ್ಳುತ್ತೇನೆ.

ಬಳ್ಳಾರಿಯ ಆ ಅರವತ್ತು ಹೆಣ್ಣುಮಕ್ಕಳ ಹೆಸರನ್ನು ಯಾರೂ ಬರೆದಿಡಲಿಲ್ಲ, ಏಕೆಂದರೆ ಅಂದು ಯಾರೂ ಕೇಳಲಿಲ್ಲ. ಶ್ರೀಮಠದ ಮುಂದಿನ ಮಹೋತ್ಸವದ ಸಂಪುಟವನ್ನು ಬರೆಯುವವರು ಈಗ ಯಾವುದೋ ಒಂದು ಶಾಲೆಯಲ್ಲಿ ಆರನೆಯ ತರಗತಿಯ ಚಾಪೆಯ ಮೇಲೆ ಕುಳಿತಿರಬಹುದು. ಅವರ ಕೈಯಲ್ಲಿ ಈಗಲೇ ಒಂದು ಹುಣಸೆಬೀಜವನ್ನಿಟ್ಟು, ಅವರು ಬಾಯಿಬಿಡುವವರೆಗೆ ನಾವು ಸುಮ್ಮನಿರುವ ವ್ರತವನ್ನು ಶ್ರೀಗುರುವು ನಮಗೆ ನಡೆಸಿಕೊಡಲಿ.